ಕೃಷ್ಣಫಲಕ ಮೀಮಾಂಸೆ: ಮೊಲೆಂನ ಒಂದು ಮಾನಿಟರ್ ಕುರಿತು

ಪ್ರಸ್ತಾವನೆ: ಅನಮೋಡ ಘಾಟ್ ಇಳಿದೊಡನೆ ಸಿಗುವ ಗೋವೆಯ ಮೊಲೆಂ ಕುರಿತು ಬರೆದವರೆಲ್ಲ ದೂಧಸಾಗರ, ಕದಂಬರ ಕಾಲದ ತಾಂಬ್ಡಿ ಸುರ್ಲಾ ಗುಡಿ ಎಂಬ ಗೌಣ ವಿಷಯಗಳಲ್ಲೇ ಕಾಲ ಕಳೆದಿದ್ದಾರೆ. ಹೆದ್ದಾರಿ ಬದಿಯ ಝೆರಾಕ್ಸ್ ಅಂಗಡಿಯಲ್ಲಿ, ಹುಬ್ಬಳ್ಳಿಯಿಂದ ಸೆಕೆಂಡ್‌ಹ್ಯಾಂಡಾಗಿ ಬಂದ ಎಲ್‌ಸಿಡಿ ಮಾನಿಟರ್ ಮೊದಲ ಮಳೆಗೇ ಕಣ್ಮುಚ್ಚಿದ್ದನ್ನು ಯಾರೂ ದಾಖಲಿಸಿಲ್ಲ. ಆ ಕೊರತೆಯನ್ನು ಈ ಪ್ರಬಂಧ ನೀಗುತ್ತದೆ.

ಪೂರ್ವಪಕ್ಷ: ಬೆನ್ನಿಗೆ ಎರಡು ಗುದ್ದಿದರೆ ಹತ್ತೀತು ಎಂಬುದು ತಾಡನವಾದಿಗಳ ಮತ. ಗುಜರಿಗೆ ಹಾಕಿ ಎಂಬುದು ಸಂನ್ಯಾಸಮಾರ್ಗಿಗಳದು. ಗಡಿವಾದಿಗಳ ವಾದ ಸೂಕ್ಷ್ಮವಾದುದು: ಗುಡಿಯ ಕಪ್ಪು ಕಲ್ಲು ಘಟ್ಟದ ಮೇಲಿಂದ ಬಂತೆಂಬ ನಂಬಿಕೆಯಿದೆ, ಪರದೆಯೂ ಘಟ್ಟದ ಮೇಲಿನದು, ಕಪ್ಪೂ ಹೌದು, ಆದ್ದರಿಂದ ಅದು ಕೆಟ್ಟಿಲ್ಲ, ಕದಂಬ ಶೈಲಿಯಲ್ಲಿದೆ.

ಪ್ರಮಾಣವಿಚಾರ: ಮೀಮಾಂಸಕ ಕುಮಾರಿಲ ಭಟ್ಟರ ಪಂಥ ಒಪ್ಪುವ ಆರು ಪ್ರಮಾಣಗಳೂ, ಅಂದರೆ ಅರಿವಿನ ಸಾಧನಗಳೂ, ಇಲ್ಲಿ ಸಲ್ಲುತ್ತವೆ.

ಪ್ರತ್ಯಕ್ಷ: ಬಟನ್ ಪಕ್ಕದ ಪುಟ್ಟ ದೀಪ. ಅದು ಉರಿದರೆ ಕರೆಂಟು ಒಳಗೆ ಬಂದಿದೆ, ರೋಗ ಬೇರೆ ಕಡೆಗಿದೆ. ಇಲ್ಲಿ ಉರಿಯಲಿಲ್ಲ.

ಅನುಮಾನ: ಹೊಗೆಯಿದ್ದಲ್ಲಿ ಬೆಂಕಿ. ಮೂಸಿದರೆ ಸುಟ್ಟ ವಾಸನೆಯಿಲ್ಲ.

ಉಪಮಾನ: ಸಿಪಿಯು ವೈರು ಮಾನಿಟರ್ ವೈರಿನಂಥದೇ. ಅದಲುಬದಲು ಮಾಡಿದರೆ ವೈರಿನ ಯೋಗ್ಯತೆ ತಿಳಿಯುತ್ತದೆ.

ಶಬ್ದ: ಆಪ್ತವಾಕ್ಯವಾದ ಮ್ಯಾನ್ಯುಯಲ್ ಗೆದ್ದಲಿನ ಪಾಲಾಗಿದೆ.

ಅರ್ಥಾಪತ್ತಿ: ಶಾಸ್ತ್ರದ ಉದಾಹರಣೆಯಲ್ಲಿ ಹಗಲು ಉಣ್ಣದ ದೇವದತ್ತ ದಪ್ಪಗಿದ್ದಾನೆಂದರೆ ರಾತ್ರಿ ಉಣ್ಣುತ್ತಾನೆಂದೇ ಅರ್ಥ. ಹಿಂಬದಿ ಬಿಚ್ಚಿದಾಗ ಪವರ್ ಬೋರ್ಡಿನಲ್ಲಿ ದೇವದತ್ತ ಸಾಕ್ಷಾತ್ ಸಿಕ್ಕಿದ: ತಲೆ ಚಪ್ಪಟೆಯಿರಬೇಕಾದ ಕೆಪ್ಯಾಸಿಟರ್ ಉಬ್ಬಿ ಕೂತಿತ್ತು. ಒಳಗಿನ ದ್ರವ ಕಾವಿಗೆ ಕೆಟ್ಟು ಅನಿಲವಾದರೆ ಹೀಗಾಗುತ್ತದೆ.

ಅನುಪಲಬ್ಧಿ: ಗೋಡೆಯ ಸಾಕೆಟ್ಟಿನಲ್ಲಿ ಕರೆಂಟೇ ಇಲ್ಲವೆಂಬ ಜ್ಞಾನ. 2020ರಲ್ಲಿ ಮೊಲೆಂ ಕಾಡಿನಲ್ಲಿ 400 ಕಿಲೋವೋಲ್ಟ್ ತಂತಿ ಎಳೆಯುವ ಯೋಜನೆಯ ವಿರುದ್ಧ ಗೋವೆಯ ಜನ ಚಳವಳಿ ಹೂಡಿದರು. ನಮ್ಮ ಮಾನಿಟರ್ ಬೇಡುವುದು ಬರೀ 230 ವೋಲ್ಟ್. ಅದು ಬರುತ್ತಿದೆಯೇ ಎಂದು ಎಲ್ಲಕ್ಕಿಂತ ಮೊದಲು ನೋಡಬೇಕು. ಶಾಸ್ತ್ರದಲ್ಲಿ ಇದು ಆರನೆಯದಾದ್ದರಿಂದ ನಾವೂ ಕೊನೆಗೇ ನೋಡಿದೆವು. ಬರುತ್ತಿತ್ತು.

ಸಿದ್ಧಾಂತ: ದೋಷ ದೇವದತ್ತನದೇ. ಅವನ ಜಾಗದಲ್ಲಿ ಅಷ್ಟೇ ಮೈಕ್ರೋಫ್ಯಾರಡಿನ ಹೊಸಬನನ್ನು ಬೆಸುಗೆ ಹಾಕತಕ್ಕದ್ದು. ವೋಲ್ಟ್ ಹೆಚ್ಚಿದ್ದರೆ ದೋಷವಿಲ್ಲ, ಕಮ್ಮಿಯಿರಕೂಡದು. ಪ್ಲಸ್ಸು ಮೈನಸ್ಸು ತಿರುಗಾಮುರುಗಾ ಆದರೆ ಸ್ಫೋಟಯೋಗ. ಪಕ್ಕದ ದೊಡ್ಡ ಕೆಪ್ಯಾಸಿಟರ್ ಪ್ಲಗ್ ಕಿತ್ತಮೇಲೂ ಸುಮಾರು 325 ವೋಲ್ಟ್ ಹಿಡಿದಿಟ್ಟುಕೊಂಡಿರಬಲ್ಲದು. ಅಲ್ಲಿ ಬರಿಗೈ ಇಟ್ಟ ವಿದ್ವಾಂಸರಿಗೆ ಪ್ರತ್ಯಕ್ಷ ಪ್ರಮಾಣ ತಕ್ಷಣ ಲಭಿಸುತ್ತದೆ.

ಫಲಶ್ರುತಿ: ಇದನ್ನು ಓದಿದವರ ಫ್ಯೂಸು ಹಾರದು, ಓದಿಸಿದವರ ವೈರು ಸಡಿಲಾಗದು. ಸದರಿ ಮಾನಿಟರ್ ಈಗ ಹತ್ತಿದ್ದು, ‘ನೋ ಸಿಗ್ನಲ್’ ಎನ್ನುತ್ತಿದೆ. ಸಿಪಿಯು ಆನ್ ಮಾಡಬೇಕೇ ಎಂಬ ಜಟಿಲ ಪ್ರಶ್ನೆ ದ್ವಿತೀಯ ಸಂಪುಟಕ್ಕೆ ಸೇರಿದ್ದು. ಅನುದಾನ ಮಂಜೂರಾದ ಕೂಡಲೇ ಕೈಗೆತ್ತಿಕೊಳ್ಳಲಾಗುವುದು.