ಎಂಟು ರೂಮಿಗೆ ಒಂದು ಬಕೆಟ್ಟು

ಲಾಡ್ಜಿನಲ್ಲಿ ಇಳಿದುಕೊಳ್ಳುವ ಸುಖವೇ ಬೇರೆ. ಮೆಜೆಸ್ಟಿಕ್ಕಿನ ಯಾವ ಲಾಡ್ಜಿಗೆ ಬೇಕಾದರೂ ಹೋಗಿ, ಕೌಂಟರಿನವನು ರಿಜಿಸ್ಟರಿನಿಂದ ತಲೆ ಎತ್ತುವುದಿಲ್ಲ. ಅವನ ಪಾಲಿಗೆ ನೀವು ಇನ್ನೂರ ಏಳು, ಅಷ್ಟೇ. ಬನೀನಿನಲ್ಲಿ ಕಾರಿಡಾರು ಸುತ್ತಿ, ಕಿಟಕಿ ಸರಳಿಗೆ ಟವೆಲು ನೇತುಹಾಕಿ, ಯಾರೂ ಕ್ಯಾರೇ ಅನ್ನುವುದಿಲ್ಲ. ಇಂಥ ಸ್ವಾತಂತ್ರ್ಯ ಉಂಡು ಬೆಳೆದವನನ್ನು ನನ್ನ ಮಗಳು ಮದುವೆಯ ವಾರ್ಷಿಕೋತ್ಸವದ ನೆಪ ಹೂಡಿ ಪುದುಚೇರಿಯ ಒಂದು ಬೂಟೀಕ್ ಹೋಟೆಲಿಗೆ ಸಾಗಹಾಕಿದಳು.

"ಬರೀ ಎಂಟು ರೂಮು ಅಪ್ಪಾ. ಒಬ್ಬೊಬ್ಬರನ್ನೂ ಪರ್ಸನಲ್ಲಾಗಿ ನೋಡ್ಕೋತಾರೆ" ಅಂದಳು. ಆ ಮಾತಿನಲ್ಲಿದ್ದ ಬೆದರಿಕೆ ನನಗೆ ಹೊಳೆಯಲಿಲ್ಲ. 1984ರಲ್ಲಿ ನ್ಯೂಯಾರ್ಕಿನಲ್ಲಿ ಇಯಾನ್ ಶ್ರೇಗರ್, ಸ್ಟೀವ್ ರುಬೆಲ್ ಎಂಬ ಇಬ್ಬರು 'ಮಾರ್ಗನ್ಸ್' ಅಂತ ಹೋಟೆಲು ತೆರೆದ ಮೇಲೆ ಈ ಫ್ಯಾಷನ್ನು ಜೋರಾಯಿತಂತೆ. "ಆ ಕಾಲಕ್ಕೆ ನಾವು ಛತ್ರದಲ್ಲಿ ಚಾಪೆಗೆ ಜಗಳ ಆಡ್ತಿದ್ವಿ" ಅಂದೆ. ಮಗಳು ಫೋನಿಟ್ಟಳು. ಬಾಡಿಗೆ ಎಷ್ಟೆಂದು ಅವಳು ಹೇಳಲಿಲ್ಲ, ಬುಕಿಂಗಿನ ಮೆಸೇಜು ನೋಡಿ ನಾನೇ ಎದೆ ಹಿಡಿದುಕೊಂಡೆ. ರಾತ್ರಿಗೆ ಎಂಟು ಸಾವಿರ ಚಿಲ್ಲರೆ. ಬಾಡಿಗೆ 7,500 ದಾಟಿದರೆ ಶೇ. 18 ಜಿಎಸ್‌ಟಿ ಬೇರೆ. ದುಡ್ಡು ಮಗಳದು, ಸಂಕಟ ನನ್ನದು.

ಫ್ರೆಂಚರು 1954ರಲ್ಲಿ ಆಡಳಿತ ಬಿಟ್ಟುಕೊಟ್ಟು ಹೋದರೂ ವೈಟ್ ಟೌನಿನ ಬೀದಿಗಳ ಹೆಸರನ್ನು ಇಲ್ಲೇ ಬಿಟ್ಟು ಹೋಗಿದ್ದಾರೆ. ಬಸ್ಸಿನಲ್ಲಿ ಮುನ್ನೂರು ಕಿಲೋಮೀಟರೂ "ರ್ಯೂ ದ್ಯುಮಾ, ರ್ಯೂ ದ್ಯುಮಾ" ಎಂದು ಜಪಿಸಿಕೊಂಡು ಬಂದಿದ್ದೆ. ಆಟೋದವನ ಮುಂದೆ ತುಟಿ ಮುಂದೆ ಚಾಚಿ ಅದನ್ನು ಹೇಳಿದೆ. ಅವನು ಹಿಂದೆ ತಿರುಗಿ ನನ್ನವಳನ್ನು ಕೇಳಿದ: "ಡೂಮಾಸ್ ಸ್ಟ್ರೀಟಾಮ್ಮಾ?" ಇವಳು "ಆಮಾ" ಅಂದಳು. ಆಟೋ ಹೊರಟಿತು.

ಹಳದಿ ಗೋಡೆ, ಬಿಳಿ ಅಂಚು, ಗೇಟಿನ ಮೇಲೆ ಬೋಗನ್‌ವಿಲ್ಲಾ, ಒಳಗೆ ತೊಟ್ಟಿಯಂಗಳ. ಬಾಗಿಲಲ್ಲೇ ಮ್ಯಾನೇಜರ್ ಹುಡುಗಿ ನಮ್ಮಿಬ್ಬರ ಹೆಸರು ಹಿಡಿದು ಕರೆದು "ಹ್ಯಾಪಿ ಆನಿವರ್ಸರಿ" ಎಂದು ತಟ್ಟೆ ಚಾಚಿದಳು. ತಟ್ಟೆಯಲ್ಲಿ ಸುರುಳಿ ಸುತ್ತಿದ ತಣ್ಣನೆಯ ಒದ್ದೆ ಟವೆಲು. ನನ್ನವಳು ಬೆರಳ ತುದಿ ಒರೆಸಿ ಇಟ್ಟಳು. ನಾನು ಮುಖ ಒರೆಸಿದೆ. ಹಿತವಾಗಿತ್ತು, ಕತ್ತು ಒರೆಸಿದೆ. ಕಿವಿಯ ಹಿಂದೆಯೂ ಒಂದು ಕೈ ಆಡಿಸಿದೆ. ನೋಡಿದರೆ ಟವೆಲು ಫಿಲ್ಟರ್ ಕಾಫಿ ಬಣ್ಣಕ್ಕೆ ತಿರುಗಿತ್ತು. ಬೆಳ್ಳಗಿದ್ದ ಮಗ್ಗುಲು ಮೇಲೆ ಬರುವ ಹಾಗೆ ಸುತ್ತಿ ತಟ್ಟೆಯಲ್ಲಿಟ್ಟೆ. ಹುಡುಗಿ ಅದನ್ನು ಎರಡು ಬೆರಳಲ್ಲಿ ಎತ್ತಿಕೊಂಡು "ಎ ಲಾಂಗ್ ಜರ್ನಿ, ಸರ್?" ಅಂದಳು.

ರೂಮಿನಲ್ಲಿ ಮಂಚಕ್ಕೂ ಬಚ್ಚಲಿಗೂ ಮಧ್ಯೆ ಗಾಜಿನ ಗೋಡೆ. ಇದನ್ನು ಯೋಚಿಸಿದವನಿಗೆ ಮದುವೆಯಾಗಿ ಒಂದು ವರ್ಷವೂ ಆಗಿರಲಾರದು. ಬಚ್ಚಲಲ್ಲಿ ನೆತ್ತಿಯ ಮೇಲೆ ಊಟದ ತಟ್ಟೆಯಷ್ಟು ಅಗಲದ ಷವರು, ಐದು ತರದ ಸೋಪು, ತೂಕದ ಯಂತ್ರ, ಎಲ್ಲ ಇದೆ. ಬಕೆಟ್ಟಿಲ್ಲ, ಚೊಂಬಿಲ್ಲ. ಬಿಸಿನೀರನ್ನು ಬಗ್ಗಿ ಮೊಗೆದು ಬೆನ್ನ ಮೇಲೆ ಸುರಿದುಕೊಳ್ಳದಿದ್ದರೆ ಅದನ್ನು ಸ್ನಾನ ಅನ್ನುವುದು ಹೇಗೆ, ನೀವೇ ಹೇಳಿ. ರೂಮ್ ಬಾಯನ್ನು ಕರೆದು ಇಂಗ್ಲಿಷಿನಲ್ಲಿ ಗತ್ತಿನಿಂದ ಕೇಳಿದೆ. ಅವನು ವಿನಯವಾಗಿ, "ಒನ್ಲಿ ಒನ್ ಬಕೆಟ್ ಸರ್. ನೌ ಇನ್ ರೂಮ್ ತ್ರೀ" ಅಂದ.

ನನಗೆ ರೇಗಿತು. ಅವನ ಎದುರಿಗೇ ಹೆಂಡತಿಗೆ ಅಚ್ಚ ಕನ್ನಡದಲ್ಲಿ ಹೇಳಿದೆ: "ಎಂಟು ಸಾವಿರ ಕಿತ್ಕೋತಾರೆ, ಒಂದು ಬಕೆಟ್ಟಿಗೆ ಗತಿಯಿಲ್ಲ. ಈ ಮೂತಿಗೆ ಹತ್ತು ರೂಪಾಯಿ ಟಿಪ್ಸು ಸಾಕಲ್ವೇನೇ?" ಇವಳು "ಮೆತ್ತಗೆ ಮಾತಾಡ್ರೀ" ಅಂದಳು. "ಅವನಿಗೆಲ್ಲಿ ಅರ್ಥ ಆಗತ್ತೆ ಬಿಡೇ" ಅಂದೆ. ಹುಡುಗ ನಗುತ್ತಾ ಹತ್ತು ರೂಪಾಯಿ ಜೇಬಿಗಿಟ್ಟುಕೊಂಡು ಹೋದ.

ಬೆಳಗ್ಗೆ ತೊಟ್ಟಿಯಂಗಳದಲ್ಲಿ ಎಲ್ಲರಿಗೂ ಸೇರಿ ಒಂದೇ ಉದ್ದನೆಯ ಮೇಜು. ಇದೇ ನೋಡಿ, ಚಿಕ್ಕ ಹೋಟೆಲಿನ ಅಸಲಿ ಶಿಕ್ಷೆ. ಇನ್ನೂರು ರೂಮಿನ ಜಾಗದಲ್ಲಿ ಮನುಷ್ಯ ಮರೆಯಾಗಬಹುದು, ಎಂಟು ರೂಮಿನಲ್ಲಿ ಎಲ್ಲಿಗೆ ಹೋಗುತ್ತಾನೆ? ನಾನಿನ್ನೂ ಕುರ್ಚಿ ಎಳೆದಿರಲಿಲ್ಲ, ದೂರದ ತುದಿಯಿಂದ ಒಬ್ಬ ಹಿರಿಯರು, "ಬಕೆಟ್ ನಿಮಗೇ ತಾನೆ ಬೇಕಿದ್ದದ್ದು? ಹತ್ತು ಗಂಟೆಗೆ ಕಳಿಸ್ತೀನಿ" ಎಂದು ಇಂಗ್ಲಿಷಿನಲ್ಲಿ ಕೂಗಿದರು. ಎರಡು ದೇಶದ ಜನ ನನ್ನತ್ತ ತಿರುಗಿ ನೋಡಿದರು. ಮುಖ ಮರೆಸಲು ಕ್ರುವಾಸಾಂಗೆ ಕೈಹಾಕಿದೆ. ಚಾಕು ಮುಟ್ಟಿಸಿದ್ದೇ ತಡ ಅದು ಚಿರೋಟಿಯಂತೆ ಉದುರಿ, ಅರ್ಧ ಅಂಗಿಯ ಮೇಲೆ, ಕಾಲು ಭಾಗ ಮೀಸೆಯಲ್ಲಿ ನಿಂತಿತು. ನನ್ನವಳು ಎಲ್ಲಿ? ಅಡುಗೆಮನೆಯಲ್ಲಿ. ಅಡುಗೆಯಾಕೆಗೆ ನಮ್ಮ ಚಟ್ನಿಪುಡಿ ಕೊಟ್ಟು, ಕೆಲಸದವರಿಗೆಂದು ಬೇಯಿಸಿದ್ದ ಇಡ್ಲಿ ಸಾಂಬಾರು ತಿಂದು, ಸಾಂಬಾರು ಪುಡಿಯ ಲೆಕ್ಕ ಬರೆದುಕೊಂಡು ಬಂದಳು.

ಹತ್ತಕ್ಕೆ ಬಕೆಟ್ಟು ಬಂತು. ಒಳಉಡುಪನ್ನೂ ಹಿಂಡಿಕೊಂಡೆ. ಬಚ್ಚಲಲ್ಲಿ ಒಂದು ಮೊಳೆಯಿಲ್ಲ, ಬಾಲ್ಕನಿಯಲ್ಲಿ ಒಳ್ಳೆಯ ಬಿಸಿಲು. ಪಟ್ಟಾಪಟ್ಟಿ ಚಡ್ಡಿಯನ್ನು ಕಂಬಿಯ ಮೇಲೆ ಹರವಿ, ಹಾರದ ಹಾಗೆ ಬೋಗನ್‌ವಿಲ್ಲಾ ಕೊಂಬೆಗೆ ಸಿಕ್ಕಿಸಿ, ಕುರ್ಚಿಯಲ್ಲಿ ಕಾಲು ಚಾಚಿ ಪೇಪರು ಹಿಡಿದೆ. ಕೆಳಗೆ ಒಂದಷ್ಟು ಜನ ಕ್ಯಾಮೆರಾ ಎತ್ತಿ ನಿಂತಿದ್ದರು. ಈ ಬೀದಿಯಲ್ಲಿ ಹಳೇ ಮನೆಗಳ ಫೋಟೋ ತೆಗೆಯುವುದೇ ಪ್ರವಾಸಿಗಳಿಗೆ ಕೆಲಸ. ಒಬ್ಬಾಕೆ ನನ್ನತ್ತ ನೋಡಿ ಹೆಬ್ಬೆರಳೆತ್ತಿದಳು. ವಯಸ್ಸಾದರೂ ನಮ್ಮಲ್ಲಿ ಏನೋ ಒಂದು ಕಳೆ ಇದೆ ಎಂದು ಕೂದಲು ಸರಿಮಾಡಿಕೊಂಡು, ಸ್ವಲ್ಪ ಪಕ್ಕಕ್ಕೆ ತಿರುಗಿ ಪೋಸು ಕೊಟ್ಟೆ.

ಬಾಗಿಲು ತಟ್ಟಿದ ಸದ್ದಾಯಿತು. ಅದೇ ರೂಮ್ ಬಾಯ್.

"ಸಾರ್, ಆ ಚಡ್ಡಿ ಒಳಗಡೆ ತಕ್ಕೊಳಿ ಸಾರ್. ಬಿಲ್ಡಿಂಗ್ ಫೋಟೋದಲ್ಲೆಲ್ಲ ಅದೇ ಬರ್ತಾ ಐತೆ, ಮೇಡಂ ಬೈತಾವ್ರೆ."

ಅಚ್ಚ ಬೆಂಗಳೂರು ಕನ್ನಡ! ಶ್ರೀರಾಮಪುರದಲ್ಲಿ ಹುಟ್ಟಿ ಬೆಳೆದವನಂತೆ. ಅವನ ಮುಂದೆ ಆಡಿದ ಮಾತೆಲ್ಲ ಒಂದೊಂದಾಗಿ ನೆನಪಾಯಿತು. ಮೂತಿಯ ವಿಚಾರದವರೆಗೆ ಬಂದು ನಿಂತೆ. ಕೈ ತಾನಾಗಿ ಜೇಬಿಗೆ ಹೋಗಿ ಐನೂರರ ನೋಟು ತೆಗೆಯಿತು. "ಬೇಡಿ ಸಾರ್, ಹತ್ರೂಪಾಯಿ ಕೊಟ್ಟಿದ್ದೀರಲ್ಲ" ಅಂದ, ಮತ್ತೆ ಅದೇ ನಗು. ಬಲವಂತ ಮಾಡಿ ಕೊಟ್ಟೆ. ನನ್ನವಳಿಗೆ ಅವನ ಪೂರ್ತಿ ಚರಿತ್ರೆ ನಿನ್ನೆ ರಾತ್ರಿಯೇ ಗೊತ್ತಿತ್ತಂತೆ. "ಮತ್ತೆ ಹೇಳೋದಲ್ವೇನೇ?" ಅಂದರೆ "ಮೆತ್ತಗೆ ಮಾತಾಡಿ ಅಂದ್ನಲ್ಲ" ಅಂದಳು.

ಸಂಜೆ ಬೀಚ್ ರಸ್ತೆಯಲ್ಲಿ ವಾಹನ ಬಿಡುವುದಿಲ್ಲ, ಗಾಂಧಿ ಪ್ರತಿಮೆಯವರೆಗೂ ಹಾಯಾಗಿ ನಡೆದೆವು. ಅಲ್ಲೊಂದು ಬೆಂಚಿನ ಮೇಲೆ ಕೂತು ಹೋಟೆಲಿನ ಕುಂದುಕೊರತೆಗಳನ್ನು ಮನಸ್ಸಿನಲ್ಲೇ ಇಂಗ್ಲಿಷಿನಲ್ಲಿ ಬರೆದುಕೊಂಡೆ. ಗಾಜಿನ ಗೋಡೆ, ಮೊಳೆ, ಬಕೆಟ್ಟು, ಯಾವುದನ್ನೂ ಬಿಡಲಿಲ್ಲ. ಹೊರಡುವಾಗ ಮ್ಯಾನೇಜರ್ ಹುಡುಗಿ ಗೆಸ್ಟ್ ಬುಕ್ಕು ತೆರೆದು ಪೆನ್ನು ಕೊಟ್ಟು ಎದುರಿಗೇ ನಿಂತಳು. ಪಕ್ಕದಲ್ಲಿ ಶ್ರೀರಾಮಪುರದವನು, ಹಿಂದೆ ಅಡುಗೆಯಾಕೆ, ಬಾಗಿಲಲ್ಲಿ ಮೂರನೇ ರೂಮಿನ ಹಿರಿಯರು. "ವಂಡರ್‌ಫುಲ್" ಅಂತ ಬರೆದು ಸಹಿ ಹಾಕಿದೆ. ಇವಳಿಗೆ ಅಡುಗೆಯಾಕೆ ಒಂದು ಬಾಟಲಿ ಸಾಂಬಾರು ಪುಡಿ ಕೊಟ್ಟಳು. ನನಗೆ ಬಿಲ್ಲು ಕೊಟ್ಟರು. ಕ್ರುವಾಸಾಂ ಬಾಡಿಗೆಯಲ್ಲೇ ಸೇರಿತ್ತಂತೆ, ಆಮೇಲೆ ಹಸಿವಿಗೆ ರೂಮಿಗೆ ತರಿಸಿಕೊಂಡ ಸ್ಯಾಂಡ್‌ವಿಚ್ಚು ಸೇರಿರಲಿಲ್ಲ.

ನಿಮ್ಮ ಮಕ್ಕಳೂ ಇಂದೋ ನಾಳೆಯೋ ನಿಮ್ಮನ್ನು ಇಂಥ ಕಡೆಗೆ ಕಳಿಸಿಯೇ ಕಳಿಸುತ್ತಾರೆ. ರೂಮು ಆಮೇಲಾಯಿತು, ಮೊದಲು ಬಕೆಟ್ಟು ಬುಕ್ ಮಾಡಿಸಿ. ಕನ್ನಡದಲ್ಲಿ ಬೈಯುವುದೇನಾದರೂ ಇದ್ದರೆ ಬಸ್ಸು ತಿಂಡಿವನಂ ದಾಟುವುದರೊಳಗೆ ಬೈದು ಮುಗಿಸಿಬಿಡಿ.