ಪೆಟ್ಟಿಗೆಜಿಜ್ಞಾಸೆ

ತುಡುವೆ ಜೇನು ಸಾಕಲು ಹೊರಟವನು ಮೊದಲಿಗೆ ಎಷ್ಟು ಪೆಟ್ಟಿಗೆ ಇಡಬೇಕು? ಬ್ರಹ್ಮಜಿಜ್ಞಾಸೆಗೆ ಸೂತ್ರ, ಭಾಷ್ಯ, ಟೀಕೆ, ಟಿಪ್ಪಣಿ ಎಲ್ಲ ಇರುವ ಈ ನಾಡಿನಲ್ಲಿ ಪೆಟ್ಟಿಗೆಜಿಜ್ಞಾಸೆಗೆ ಒಂದು ಭಾಷ್ಯವೂ ಇಲ್ಲದಿರುವುದಕ್ಕೆ ಪಂಡಿತರಿಗಿರುವ ಕಚ್ಚಿಸಿಕೊಳ್ಳುವ ಭಯವೇ ಕಾರಣ. ಎಡಗಣ್ಣು ಊದಿ ಮುಚ್ಚಿಕೊಂಡಿರುವ ಈ ಸುಮುಹೂರ್ತದಲ್ಲಿ ಆ ಕೊರತೆಯನ್ನು ನಾವು ತುಂಬುತ್ತಿದ್ದೇವೆ.

ಮೊದಲು ಪೂರ್ವಪಕ್ಷ. ಶೂನ್ಯವಾದಿಗಳ ಮತದಲ್ಲಿ ಪೆಟ್ಟಿಗೆ ಇಡಬೇಕಾದವನು ಪಕ್ಕದ ಮನೆಯವನು. ಅವನ ನೊಣ ನಮ್ಮ ತೋಟದ ಹೂವಿಗೂ ಬರುವುದರಿಂದ ಏಪ್ರಿಲ್‌ನಲ್ಲಿ ಒಂದು ಬಾಟಲಿ ತುಪ್ಪ ನ್ಯಾಯವಾಗಿ ನಮ್ಮದು. ಈ ಮತ ತರ್ಕದಲ್ಲಿ ಅಭೇದ್ಯ, ಬೇಲಿಯ ಬಳಿ ದುರ್ಬಲ. ಅನಂತವಾದಿಗಳು ಸಹಾಯಧನದ ಅರ್ಜಿ ಹಿಡಿದೇ ಹುಟ್ಟಿದವರು. ಐವತ್ತಕ್ಕೆ ಕಡಿಮೆ ಮಾತಿಲ್ಲ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಐವತ್ತಕ್ಕೂ ಸಕ್ಕರೆ ಪಾಕ ಕಾಯಿಸಿ ಇಡುವವರು ಯಾರು ಎಂದರೆ ಮೌನವ್ರತ.

ಇನ್ನು ಅದ್ವೈತ. ಪೆಟ್ಟಿಗೆ ಒಂದೇ, ಎರಡನೆಯದು ಮಾಯೆ. ನಾವೂ ಒಂದು ವರ್ಷ ಈ ಮತದಲ್ಲಿದ್ದೆವು. ಹಿಂಡು ದಿನದಿಂದ ದಿನಕ್ಕೆ ಬಡವಾದಾಗ ಇದು ಜೇನಿನ ಸ್ವಭಾವ ಎಂದುಕೊಂಡೆವು. ಪಕ್ಕದಲ್ಲಿಟ್ಟು ನೋಡಲು ಇನ್ನೊಂದಿಲ್ಲದವನಿಗೆ ರೋಗವೂ ಸ್ವಭಾವವೇ. ರಾಣಿ ಎಂದೋ ಸತ್ತಿದ್ದಳು. ಕೆಲಸಗಾರ ನೊಣಗಳೇ ಮೊಟ್ಟೆಯಿಡತೊಡಗಿದವು. ಅಂಥ ಮೊಟ್ಟೆಯಿಂದ ಹುಟ್ಟುವುದು ಗಂಡುನೊಣ ಮಾತ್ರ, ಅದು ದುಡಿಯುವುದಿಲ್ಲ. ಗಂಡುನೊಣ ಹೆಚ್ಚಿದ್ದನ್ನು ನಾವು ಡೈರಿಯಲ್ಲಿ 'ವಂಶಾಭಿವೃದ್ಧಿ' ಎಂದು ಬರೆದಿಟ್ಟೆವು. ಮುಂದಿನ ಪುಟದಲ್ಲಿ ಮೇಣದ ಹುಳು ಇದೆ. ಅದರ ಮುಂದಿನ ಪುಟ ಖಾಲಿ.

ಆದ್ದರಿಂದ ಸಿದ್ಧಾಂತ: ದ್ವೈತ. ಎರಡು ಪೆಟ್ಟಿಗೆ. ಒಂದರ ರಾಣಿ ಸತ್ತರೆ ಇನ್ನೊಂದರಿಂದ ಹೊಸ ಮೊಟ್ಟೆಗಳಿರುವ ಚೌಕಟ್ಟನ್ನು ಎತ್ತಿ ಕೊಡಬಹುದು. ರಾಣಿಯೂ ಕೂಲಿಯೂ ಒಂದೇ ಬಗೆಯ ಮೊಟ್ಟೆಯಿಂದ ಹುಟ್ಟಿದವರು. ಆಮೇಲೆ ಊಟದಲ್ಲಿ ಪಂಕ್ತಿಭೇದ. ಕೊನೆಯವರೆಗೂ ರಾಜಶಾಹಿ ರಸ ಉಂಡ ಮರಿ, ಮೊಟ್ಟೆಯಿಟ್ಟ ಸುಮಾರು 16 ದಿನಕ್ಕೆ ರಾಣಿಯಾಗಿ ಹೊರಬರುತ್ತದೆ.

ಆದರೆ ಎರಡರ ಚೌಕಟ್ಟೂ ಒಂದೇ ಅಳತೆಯದ್ದಾಗಿರಬೇಕು. ನೊಣ ನುಸುಳುವಷ್ಟೇ ಸಂದು ಬಿಟ್ಟರೆ ಅವು ಅದನ್ನು ಮೆತ್ತಿ ಮುಚ್ಚುವುದಿಲ್ಲ ಎಂಬುದನ್ನು ಬಳಸಿಕೊಂಡು ಅಮೆರಿಕದ ಪಾದ್ರಿ ಲ್ಯಾಂಗ್‌ಸ್ಟ್ರಾತ್ 1851ರಲ್ಲಿ ಎತ್ತಿಡಬಹುದಾದ ಚೌಕಟ್ಟು ಕಂಡುಕೊಂಡ. ನಮ್ಮ ಎರಡನೆಯ ಪೆಟ್ಟಿಗೆ ಮಾಡಿದ ಬಡಗಿ 1851ರ ಈಚಿನ ಬೆಳವಣಿಗೆಗಳನ್ನು ಒಪ್ಪಿದವನಲ್ಲ. ಚೌಕಟ್ಟು ಅರ್ಧ ಇಂಚು ಉದ್ದ. ಎರಡಿದ್ದೂ ಅದ್ವೈತವೇ ಆಯಿತು.

ಆಕ್ಷೇಪ: 1991ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ರೋಗ ದಕ್ಷಿಣ ಭಾರತದ ತುಡುವೆಗಳಿಗೆ ಬಡಿದಾಗ ಎರಡಿದ್ದವನ ಎರಡೂ ಹೋಗಲಿಲ್ಲವೇ? ಹೋದವು. ನೂರಿದ್ದವನ ನೂರೂ ಹೋದದ್ದುಂಟು. ಈ ಆಕ್ಷೇಪಕ್ಕೆ ನಮ್ಮಲ್ಲಿ ಉತ್ತರವಿಲ್ಲ. ಭಾಷ್ಯಕಾರರ ಪದ್ಧತಿಯಂತೆ ಮುಂದಿನ ವಿಷಯಕ್ಕೆ ಹೋಗುತ್ತೇವೆ.

ಜೇನಿನ ಹಿಂಡಿಗೆ ಸಾಕಣೆಯವರು 'ಸಂಸಾರ' ಎನ್ನುತ್ತಾರೆ. 'ಗೃಹಸ್ಥನಿಗೆ ಎರಡು ಸಂಸಾರ ಅತ್ಯಗತ್ಯ' ಎಂಬ ನಮ್ಮ ವಾಕ್ಯವನ್ನು ಕರಡಿನಲ್ಲಿ ಓದಿದ ಮನೆಯಾಕೆ, ಊದಿದ ಕಣ್ಣಿಗೆ ಸುಣ್ಣ ಹಚ್ಚುವುದನ್ನು ಅರ್ಧಕ್ಕೇ ನಿಲ್ಲಿಸಿದ್ದಾಳೆ.

ಮೂರನೆಯದನ್ನು ಕೊಳ್ಳಬೇಡಿ, ಬಲವಾದ ಸಂಸಾರ ತಾನೇ ಪಾಲಾಗುತ್ತದೆ, ಒಂದು ಖಾಲಿ ಪೆಟ್ಟಿಗೆ ಸಿದ್ಧವಿರಲಿ. ಒಂದು ರಾಣಿಯಿಲ್ಲದೆ ತೀರ ಸೊರಗಿದರೆ ಅದನ್ನು ಇನ್ನೊಂದರ ಮೇಲಿಟ್ಟು ನಡುವೆ ಸಣ್ಣ ತೂತು ಮಾಡಿದ ಪತ್ರಿಕೆಯ ಹಾಳೆ ಹಾಸಿ. ಕಾಗದ ಕಡಿದು ಮುಗಿಸುವಷ್ಟರಲ್ಲಿ ಎರಡರ ವಾಸನೆ ಬೆರೆತು ಜಗಳ ತಪ್ಪುತ್ತದೆ. ಅದಕ್ಕೆ ಈ ಪ್ರಬಂಧದ ಹಾಳೆಯನ್ನೇ ಬಳಸಲು ನಮ್ಮ ಅಭ್ಯಂತರವಿಲ್ಲ.