ಡಿಸೈನ್ ಸಾಹೇಬರು

ರಾಯಚೂರಿನ ಯಾವ ಸರ್ಕಾರಿ ಕಚೇರಿಗೇ ಹೋಗಿ, ತಿಳಿನೀಲಿ, ಕೆನೆಬಿಳಿ, ಹೆಚ್ಚೆಂದರೆ ಸಣ್ಣ ಗೆರೆಯ ಅಂಗಿಗಳ ನಡುವೆ ಒಂದು ಮೇಜಿನ ಹಿಂದೆ ಮಾತ್ರ ದಾಸವಾಳ ಅರಳಿರುತ್ತದೆ, ಗಿಳಿ ಕೂತಿರುತ್ತದೆ. ಇವರೇ ಡಿಸೈನ್ ಸಾಹೇಬರು. ಹುದ್ದೆ ಎಸ್‌ಡಿಎಯೋ ಎಫ್‌ಡಿಎಯೋ ಇದ್ದೀತು. ಅಪ್ಪ ಅವ್ವ ಇಟ್ಟ ಹೆಸರು ಸಂಬಳದ ಬಿಲ್ಲಿನಲ್ಲಷ್ಟೇ ಉಳಿದಿದೆ. ತೀನ್ ಕಂದೀಲ್ ಸುತ್ತಿನ ಅಂಗಡಿಯವರು ಗಿರಾಕಿ ತಿರುಗಿ ನೋಡಲಿ ಎಂದು ಬಾಗಿಲಿಗೆ ತೂಗುಹಾಕಿದ, ಯಾರೂ ಕೊಳ್ಳಲಾರರೆಂದು ನಂಬಿದ ಅಂಗಿಯನ್ನು ಇವರು ಚೌಕಾಸಿ ಮಾಡದೆ ಒಯ್ಯುತ್ತಾರೆ. ಹಿರಿಯ ನೌಕರರ ಕಣ್ಣಿಗೆ ಇದು ಅಶಿಸ್ತು. ನನಗೆ ಕಾಣುವುದೇ ಬೇರೆ: ಆಡಳಿತದಲ್ಲಿ ನಾವು ಇಷ್ಟು ದಿನ ಹುಡುಕಿದ ಪಾರದರ್ಶಕತೆ ಈ ಅಂಗಿಯಲ್ಲಿದೆ, ಬಟ್ಟೆ ಎಷ್ಟೇ ದಪ್ಪಗಿರಲಿ.

ಭೂಮಿ ಯೋಜನೆ ಪಹಣಿಯನ್ನು ಕಂಪ್ಯೂಟರಿಗೆ ಏರಿಸಿತು. 2005ರಲ್ಲಿ ಮಾಹಿತಿ ಹಕ್ಕು ಬಂತು, 2011ರಲ್ಲಿ ಸಕಾಲ ಕಾಯ್ದೆ ಬಂತು. ಇವೆಲ್ಲ ಕಾಗದ ಎಲ್ಲಿದೆ ಎಂದು ಹೇಳಬಲ್ಲವು. ಕಾಗದ ಹಿಡಿದುಕೊಂಡ ಮನುಷ್ಯ ಎಲ್ಲಿದ್ದಾನೆ ಎಂದು ಹೇಳಲಾರವು. ದೇವದುರ್ಗದ ತಹಶೀಲ್ ಕಚೇರಿಗೆ ಹಳ್ಳಿಯಿಂದ ಬಂದ ರೈತನನ್ನು "ನಾಳೆ ಬಾ ಅಂದವ್ರು ಯಾರು?" ಎಂದು ಕೇಳಿದರೆ ಅವನು ಏನು ಹೇಳಬೇಕು? "ಅವ್ರೇ ರೀ, ಚಸ್ಮಾ ಹಾಕ್ಕೊಂಡಿದ್ರಲ್ಲ." ಚಸ್ಮಾ ಎಲ್ಲರಿಗೂ ಇದೆ. ತಿಳಿನೀಲಿ ಅಂಗಿಯವರು ಎದ್ದು ಚಹಾಕ್ಕೆ ಹೋದರೆ ಹೋಗಿದ್ದೇ ಗೊತ್ತಾಗುವುದಿಲ್ಲ. ಆದರೆ ಗಿಳಿ ಅಂಗಿಯವರು ಹನ್ನೊಂದಕ್ಕೆ ಗೇಟು ದಾಟಿದರೆ ಅದಕ್ಕೆ ಪಾನ್ ಡಬ್ಬಿಯವನು, ಜೆರಾಕ್ಸ್ ಅಂಗಡಿಯವನು, ಬಸ್ ಸ್ಟ್ಯಾಂಡಿನ ಕಂಟ್ರೋಲರು ಎಲ್ಲ ಸಾಕ್ಷಿ. ಅಡಗಲು ಜಾಗವೇ ಇಲ್ಲದವನು ಕೊನೆಗೆ ಕೂತು ಕೆಲಸ ಮಾಡುತ್ತಾನೆ, ಬೇರೆ ದಾರಿ ಏನಿದೆ? ಮರುದಿನ ಅಂಗಿ ಬದಲಾದರೆ ಗುರುತು ಹೋಗುವುದಿಲ್ಲವೇ ಎನ್ನಬಹುದು. ಇಲ್ಲ. ನಿನ್ನೆಯ ಗಿಳಿ ಇಂದು ಅನಾನಸ್ ಆಗಿರಬಹುದು, ಆದರೆ ಇಡೀ ಕಚೇರಿಯಲ್ಲಿ ಅನಾನಸ್ ತೊಟ್ಟವರು ಇನ್ನೊಬ್ಬರಿರುವುದಿಲ್ಲ.

ಕಚೇರಿಗೊಂದು ಪರಂಪರೆ, ಗಾಂಭೀರ್ಯ ಇದೆಯಲ್ಲ ಎಂಬುದು ದೊಡ್ಡ ಆಕ್ಷೇಪ. ಯಾವ ಪರಂಪರೆ? 1948ರವರೆಗೆ ಈ ಊರು ನಿಜಾಮರ ಆಳ್ವಿಕೆಯಲ್ಲಿತ್ತು. ದೊರೆಯ ದರ್ಬಾರಿಗೆ ಶೇರ್ವಾನಿ, ತಲೆಗೆ ದಸ್ತಾರು, ಸೊಂಟಕ್ಕೆ ಬಗ್ಲಸ್ ಬೇಕಿತ್ತು. ಅವೆಲ್ಲ ಹೋದವು, ದಫ್ತರು ನಡೆದೇ ಇತ್ತು. ನೆಲ್ಸನ್ ಮಂಡೇಲಾ ಅಧ್ಯಕ್ಷರಾಗಿದ್ದಾಗಲೂ ಬಣ್ಣಬಣ್ಣದ ಚಿತ್ತಾರದಂಗಿ ತೊಟ್ಟು ದೇಶದೇಶದ ಗಣ್ಯರನ್ನು ಕಂಡರು, ಅವರ ಘನತೆಗೆ ಏನೂ ಆಗಲಿಲ್ಲ. ಅಷ್ಟು ದೂರವೂ ಬೇಡ. ಪಕ್ಕದ ಮೇಜಿನ ಮೇಡಮ್ಮು ಕೆಂಪು ಸೆರಗಿನ, ಚಿಕ್ಕಿ ದಡಿಯ ಇಳಕಲ್ ಸೀರೆ ಉಟ್ಟು ಬಂದರೆ "ಛಂದ ಅದರೀ" ಎನ್ನುವವರು, ಅಷ್ಟೇ ಬಣ್ಣ ಗಂಡಸಿನ ಮೈಮೇಲೆ ಕಂಡರೆ ಮುಖ ಸಿಂಡರಿಸುತ್ತಾರೆ. ಬಣ್ಣದಿಂದ ಕೆಲಸ ಕೆಡುವುದಾದರೆ ಸೀರೆಯಿಂದಲೂ ಕೆಡಬೇಕಿತ್ತು. (ಮೇಡಮ್ಮಿನ ಟೇಬಲ್ಲಿನಲ್ಲಿ ಕಡತ ಬಾಕಿ ಇರುವುದಿಲ್ಲ ಎಂಬುದು ಬೇರೆ ಮಾತು.)

ಇದು ಬರೀ ಶೋಕಿ ಎನ್ನುವವರಿಗೆ ಬೇಸಿಗೆ ಒಂದೇ ಸಾಕು ಉತ್ತರಕ್ಕೆ. ನಲವತ್ತು ಡಿಗ್ರಿ ದಾಟಿದ ಬಿಸಿಲಲ್ಲಿ ರಾಯಚೂರಿನಿಂದ ಗಬ್ಬೂರಿನ ಮೇಲೆ ದೇವದುರ್ಗಕ್ಕೋ, ಕಲ್ಲೂರಿನ ಮೇಲೆ ಮಾನ್ವಿಗೋ ಕೆಂಪು ಬಸ್ಸಿನಲ್ಲಿ ದಿನಾ ಅಪ್-ಡೌನ್ ಮಾಡುವವರ ಬಿಳಿ ಅಂಗಿ ಕಚೇರಿ ಮುಟ್ಟುವಷ್ಟರಲ್ಲಿ ಆ ದಾರಿಯ ಧೂಳಿನ ನಕಾಶೆ ಆಗಿರುತ್ತದೆ. ಅದರ ಮೇಲೆ ಮಂಡಾಳ ಒಗ್ಗರಣಿ, ಜೊತೆಗೆ ಎಣ್ಣೆ ಸೋರುವ ಮಿರ್ಚಿ. ಬಿಳಿಯ ಮೇಲೆ ಬಿದ್ದ ಅರಿಸಿನ ಸಂಜೆಯವರೆಗೆ ಚಾಡಿ ಹೇಳುತ್ತದೆ. ದಾಸವಾಳದ ಮೇಲೆ ಬಿದ್ದದ್ದು ಪರಾಗವಾಗಿ ಸೇರಿಹೋಗುತ್ತದೆ. ಶೋಕಿ ಇಲ್ಲವೆಂದಲ್ಲ, ಇದೆ. ಇಸ್ತ್ರಿ ಮಾಡಿಸುವಾಗ ಎರಡು ಗಿಳಿಯ ಕೊಕ್ಕು ಗುಂಡಿಪಟ್ಟಿಯಲ್ಲಿ ಸರಿಯಾಗಿ ಕೂಡಲೇಬೇಕೆಂದು ಹಟ ಹಿಡಿಯುವುದು ಶೋಕಿಯೇ. ಅಂಥ ಹಟ ಕಡತದ ಪುಟಸಂಖ್ಯೆಯಲ್ಲೂ ಕಂಡರೆ ಯಾರಿಗೆ ನಷ್ಟ?

ಜನವರಿ 26ಕ್ಕೆ ಮಾತ್ರ ಅವರೂ ಎಲ್ಲರಂತೆ ಬಿಳಿ ಅಂಗಿಯಲ್ಲಿ ಬರುತ್ತಾರೆ. ಧ್ವಜವಂದನೆ ಮುಗಿದು ಲಾಡು ಹಂಚುವಾಗ ಅರ್ಜಿದಾರನೊಬ್ಬ ಅವರ ಬಳಿಗೇ ಬಂದು, ದನಿ ತಗ್ಗಿಸಿ ಕೇಳುತ್ತಾನೆ: "ಡಿಸೈನ್ ಸಾಹೇಬ್ರು ಇವತ್ತು ಬಂದಿಲ್ಲೇನ್ರೀ?" ಸಾಹೇಬರು ಆಚೀಚೆ ನೋಡಿ, "ಇಲ್ಲಪಾ, ನಾಳೆ ಬಾ" ಎನ್ನುತ್ತಾರೆ.